ಹೆಸರು ಬೆಟ್ಟದ್ದು, ಬೆಲೆ ಯಾರದ್ದು?



ಜಮೈಕಾ ದೇಶದ ನೀಲಿ ಬೆಟ್ಟಗಳ ಕಾಫಿ ಲೋಕದ ಅತಿ ದುಬಾರಿ ಕಾಫಿಗಳಲ್ಲೊಂದು. 1728ರಲ್ಲಿ ಮಾಜಿ ಗವರ್ನರ್ ನಿಕೊಲಸ್ ಲಾಸ್ ಆ ದ್ವೀಪಕ್ಕೆ ಗಿಡ ತರಿಸಿದ. ತೋಟದಲ್ಲಿ ಬೆವರು ಸುರಿಸಿದ್ದು ಮಾತ್ರ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1838ರಲ್ಲಿ ಅವರಿಗೆ ಪೂರ್ತಿ ಬಿಡುಗಡೆ ಆಯಿತು. ದೊಡ್ಡ ಎಸ್ಟೇಟುಗಳು ಸೊರಗಿದವು, ಇಳಿಜಾರಿನಲ್ಲಿ ಸಣ್ಣ ರೈತರು ಬೇರೂರಿದರು.

ಸುಮಾರು 3000ದಿಂದ 5500 ಅಡಿ ಎತ್ತರ, ಮಂಜು, ಜೋರು ಮಳೆ. ಹಣ್ಣು ನಿಧಾನವಾಗಿ ಮಾಗುತ್ತೆ, ರುಚಿ ಕೂಡುತ್ತೆ. ಕಡಿದಾದ ಜಾಗ; ಮಾಗಿದ್ದನ್ನಷ್ಟೇ ಕೈಯಲ್ಲಿ ಆರಿಸಿ ಕೊಯ್ಯಬೇಕು. 1950ರಲ್ಲಿ ಬಂದ ಕಾಫಿ ಮಂಡಳಿ ಗುಣ ಪರೀಕ್ಷಿಸಿ ಮುದ್ರೆ ಒತ್ತಿತು. ಮರದ ಪೀಪಾಯಿಯಲ್ಲಿ ತುಂಬಿ ಹಡಗು ಹತ್ತಿಸಿದರು.

ಇಷ್ಟೆಲ್ಲ ಇದ್ದೂ ರೈತ ಉದ್ಧಾರ ಆದನೇ? ರಫ್ತಿನ ಬಹುಪಾಲು ಹೋಗುತ್ತಿದ್ದುದು ಜಪಾನ್ ಒಂದಕ್ಕೇ. 2008ರಲ್ಲಿ ಲೋಕದ ಹಣಕಾಸು ಕುಸಿದ ಮೇಲೆ ಜಪಾನಿನ ಖರೀದಿ ಕುಗ್ಗಿತು. ಹಣ್ಣಿನ ಬೆಲೆ ಬಿತ್ತು, ಎಷ್ಟೋ ಜನ ತೋಟ ಪಾಳು ಬಿಟ್ಟರು. 1988ರ ಗಿಲ್ಬರ್ಟ್, 2004ರ ಐವನ್ ಚಂಡಮಾರುತಗಳು ಬೆಳೆಯನ್ನೇ ನೆಲಕ್ಕೆ ಕೆಡವಿದ್ದವು. ಹೊಸ ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಬಡ್ಡಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ನಮ್ಮ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಂತೋಷ. ಆದರೆ ಮುದ್ರೆ ಹೆಸರನ್ನು ಕಾಯುತ್ತೆ, ಬೆಲೆಯನ್ನಲ್ಲ. ಕೊಳ್ಳೋನು ಒಬ್ಬನೇ ಆದರೆ ಬೆಲೆ ಕಟ್ಟೋನೂ ಅವನೇ. ಆದ್ದರಿಂದ ಗೊಬ್ಬರ, ಕೂಲಿ, ಬಡ್ಡಿ ಎಲ್ಲದರ ಲೆಕ್ಕ ನೀವೇ ಬರೆದಿಡಿ. ಒಬ್ಬೊಬ್ಬರೇ ಮಾರಬೇಡಿ, ಒಂದೇ ಬಾಗಿಲಲ್ಲಿ ನಿಲ್ಲಬೇಡಿ.