ನೀರೊಳಗಿನ ಯಂತ್ರಕ್ಕೆ ನೀರು ಹೊಗದಂತೆ



ನಮ್ಮ ಈ ಚೆನ್ನೈ ನಗರದ ಪಳ್ಳಿಕರಣೈಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಿದೆಯಷ್ಟೆ. ಅಲ್ಲಿಯವರ ‘ರೋಸಬ್ 6000’ ಎಂಬ ಯಂತ್ರ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಆಳಕ್ಕೆ ಇಳಿಯಿತು. ಅದರೊಳಗೆ ಮನುಷ್ಯರಿರುವುದಿಲ್ಲ, ಹಡಗಿನಲ್ಲಿ ಕುಳಿತವರು ಕೇಬಲಿನ ಮೂಲಕ ನಡೆಸುತ್ತಾರೆ. ಹತ್ತು ಮೀಟರಿಗೊಮ್ಮೆ ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, ಅಷ್ಟು ಆಳದಲ್ಲಿ ಅದು ಐನೂರು ಪಟ್ಟನ್ನೂ ಮೀರುತ್ತದೆ.

ಇಂಥವೇ ಪುಟ್ಟ ಯಂತ್ರಗಳನ್ನು ಇಂದು ಎಂಜಿನಿಯರಿಂಗ್ ಓದುವ ನಮ್ಮ ಮಕ್ಕಳೂ ಕಟ್ಟುತ್ತಿದ್ದಾರೆ. ತಿಂಗಳುಗಟ್ಟಲೆ ದುಡಿದ ಫಲವನ್ನು ಒಂದು ಚಮಚ ಉಪ್ಪುನೀರು ಸುಟ್ಟು ಹಾಕಬಲ್ಲದು. ಆದ್ದರಿಂದಲೇ ಈ ನಾಲ್ಕು ಮಾತು.

ನೀರನ್ನು ತಡೆಯುವುದು ‘ಓ-ರಿಂಗ್’ ಎಂಬ ರಬ್ಬರ್ ಬಳೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ಒಳಗಿನ ಆವಿ ಒತ್ತಿ ಬಿಗಿಗೊಳಿಸುವಂತೆ, ಇದನ್ನು ಹೊರಗಿನ ನೀರೇ ಸಂದಿಗೆ ಒತ್ತಿ ಬಿಗಿಗೊಳಿಸುತ್ತದೆ. ಹೀಗಾಗಿ ಸಣ್ಣ ಸೋರಿಕೆ ಎಷ್ಟೋ ವೇಳೆ ಆಳದಲ್ಲಿ ಅಲ್ಲ, ಮೊಳಕಾಲುದ್ದ ನೀರಿನಲ್ಲಿಯೇ ಆಗುವುದು! ಒಂದು ಕೂದಲು, ಒಂದು ಮರಳಿನ ಕಣ ಬಳೆಯ ಕೆಳಗೆ ಸಿಕ್ಕಿದರೆ ಸಾಕು.

ಬಳೆಯನ್ನು ಸೂಜಿಯಿಂದ ಕೀಳಬಾರದು. ತೋಡಿನಲ್ಲಿ ಬಿದ್ದ ಗೀರೇ ನೀರಿಗೆ ಕಾಲುವೆ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಬೆರಳ ತುದಿಯಿಂದ ಸುತ್ತಲೂ ತಡವಿ ನೋಡಬೇಕು. ಗ್ರೀಸು ಮಿನುಗುವಷ್ಟೇ ಇರಲಿ. ಉಪ್ಪಿನಕಾಯಿ ಭರಣಿಗೆ ಎಣ್ಣೆ ಸುರಿದಂತೆ ಬಳಿಯುವವರುಂಟು. ಆ ಜಿಡ್ಡೇ ಮರಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಸಿಲಿಕೋನ್ ಬಳೆಗೆ ಸಿಲಿಕೋನ್ ಗ್ರೀಸು ಸಲ್ಲದು, ಉಬ್ಬಿಹೋಗುತ್ತದೆ. ಸಮುದ್ರದಿಂದ ಬಂದೊಡನೆ ಸಿಹಿನೀರಿನ ಸ್ನಾನವಾಗಬೇಕು. ಉಪ್ಪು ಒಣಗಿ ಹರಳಾದರೆ ಅದೂ ಮರಳಿನಂತೆಯೇ.

ಬಳೆಯೆಲ್ಲ ಸರಿಯಿದ್ದೂ ನೀರು ಬಂತೆಂದರೆ ಕೇಬಲನ್ನು ನೋಡಿರಿ. ಹೊರಗಿನ ಹೊದಿಕೆ ಎಲ್ಲೋ ಹರಿದಿದ್ದರೆ, ನೀರು ತಂತಿಯ ಎಳೆಗಳ ನಡುವೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಪೆಟ್ಟಿಗೆಯೊಳಕ್ಕೆ ನಡೆದು ಬರುತ್ತದೆ.

ನೀರಿಗಿಳಿಸುವ ಮುನ್ನ ಕೈಪಂಪಿನಿಂದ ಪೆಟ್ಟಿಗೆಯ ಗಾಳಿಯನ್ನು ಕೊಂಚ ಹೀರಿ, ಮುಳ್ಳು ಕಾಲು ಗಂಟೆ ನಿಂತಲ್ಲೇ ನಿಲ್ಲುವುದೇ ಎಂದು ಕಾಯಬೇಕು. ಇದನ್ನು ಬಿಸಿಲಲ್ಲಿ ಮಾಡಬೇಡಿ. ಒಳಗಾಳಿ ಕಾದರೆ ಸೋರಿಕೆಯಿಲ್ಲದೆಯೂ ಮುಳ್ಳು ಇಳಿಯುತ್ತದೆ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ರಿಜಿಸ್ಟರಿನ ಗೀಳೆಂದು ನಗಬಹುದು. ಆದರೂ ಯಾವ ಬಳೆ ಎಂದು ಹಾಕಿದ್ದು, ಎಷ್ಟು ಸಲ ಮುಳುಗಿತು, ಪರೀಕ್ಷೆಯಲ್ಲಿ ಮುಳ್ಳು ಎಲ್ಲಿ ನಿಂತಿತು ಎಂಬುದನ್ನು ದಿನದಿನವೂ ಬರೆದಿಡುವಂತೆ ಮಕ್ಕಳಿಗೆ ಹೇಳಿರಿ. ಚಪ್ಪಟೆಯಾದ ಬಳೆಯನ್ನು ಮಗುಚಿ ಹಾಕುವ ಮಿತವ್ಯಯ ಮಾತ್ರ ಬೇಡ. ಹೊಸದಕ್ಕೆ ತಗಲುವುದು ಕೆಲವೇ ರೂಪಾಯಿ.