ಕಂಪ್ಯೂಟರ್ ಮತ್ತು ನಮ್ಮ ಮಕ್ಕಳ ಮಾತು
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ದೋಹಾದ ಕನ್ನಡ ಕುಟುಂಬಗಳಿಂದ ವೈದ್ಯನಾದ ನನಗೆ ಮೇಲಿಂದ ಮೇಲೆ ಬರುವ ಪ್ರಶ್ನೆಯೊಂದಿದೆ. "ಡಾಕ್ಟ್ರೇ, ಮಗುವಿಗೆ ಮಾತು ತಡ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷೊಂದನ್ನೇ ಆಡೋಣವೇ?" ದಯವಿಟ್ಟು ಬೇಡ. ಎರಡು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತಿನ ದೋಷ ಹುಟ್ಟುವುದಿಲ್ಲ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದೆ ಮಾತು ತಡವಾದ ಮಗುವಿಗೆ ಭಾಷೆ ಬದಲಿಸಿ ಏನು ಪ್ರಯೋಜನ?

ಇನ್ನು ಕಂಪ್ಯೂಟರಿನ ವಿಚಾರ. ವಾಕ್ ಚಿಕಿತ್ಸೆಯಲ್ಲಿ ಅದರ ದೊಡ್ಡ ಉಪಕಾರವೆಂದರೆ, ಕಿವಿಗೆ ಬೀಳುವುದನ್ನು ಕಣ್ಣಿಗೆ ಕಾಣಿಸುವುದು. 1980ರ ದಶಕದ ಕೊನೆಗೇ ಐ.ಬಿ.ಎಂ. ಕಂಪನಿಯ ಸ್ಪೀಚ್ ವ್ಯೂವರ್ ಮಗುವಿನ ದನಿಯ ಏರಿಳಿತವನ್ನು ಪರದೆಯ ಮೇಲೆ ಚಿತ್ರವಾಗಿ ತೋರಿಸುತ್ತಿತ್ತು. 'ಬಳೆ' ಮತ್ತು 'ಬಾಳೆ' ಎರಡನ್ನೂ ಹೇಳಿಸಿದರೆ, ಎರಡನೆಯದರ ಸ್ವರ ಉದ್ದವಾಗಿ ಕಾಣುತ್ತದೆ. ಎಷ್ಟು ತಿದ್ದಿದರೂ ಕೇಳದ ಪೋರ ಆ ಗೆರೆಯನ್ನು ಎಳೆಯಲು ತಾನಾಗಿಯೇ ದನಿ ಎಳೆಯುತ್ತಾನೆ!

ಆದರೆ ಭಾಷೆಯ ತೊಡಕಿದೆ. ಸ್ಪ್ಯಾನಿಷಿನಲ್ಲಿ 'ಪೆರೊ' ಎಂದರೆ 'ಆದರೆ'; ರಕಾರವನ್ನು ಗುಡುಗಿಸಿದರೆ 'ನಾಯಿ'. ಇಂಗ್ಲಿಷ್ ಪದಪಟ್ಟಿಯಿಂದ ಆ ಮಗುವಿಗೆ ಇದನ್ನು ಕಲಿಸುವುದು ಹೇಗೆ? ನಮ್ಮ 'ಹಲ್ಲಿ', 'ಹಳ್ಳಿ'ಗಳ ಕಥೆಯೂ ಅದೇ. ಇಂಗ್ಲಿಷಿಗಾಗಿ ಮಾಡಿದ ತಂತ್ರಾಂಶಕ್ಕೆ ನಮ್ಮ ಳಕಾರದ ಗೊಡವೆಯೇ ಇಲ್ಲ. ದೊಡ್ಡವರ ದನಿಯಿಂದ ಕಲಿತ ಯಂತ್ರ ಮಕ್ಕಳ ಮಾತನ್ನು ತಪ್ಪಾಗಿ ಗ್ರಹಿಸುವುದೂ ಉಂಟು. ಹೀಗಾಗಿ ಮೊಬೈಲು ಕೊಡುವ ನಕ್ಷತ್ರಗಳನ್ನು ನಾನು ಪರೀಕ್ಷೆಯ ಅಂಕವೆಂದು ಒಪ್ಪುವುದಿಲ್ಲ. ಅದು ಆಟ, ಅಷ್ಟೆ. ತೀರ್ಮಾನ ಹೇಳಬೇಕಾದವರು ವಾಕ್ ಚಿಕಿತ್ಸಕರು.

ಅಂಥವರು ಕನ್ನಡದಲ್ಲೇ ಬೇಕೆಂದರೆ ನಮಗೆ ಮೈಸೂರಿದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಬೇಸಿಗೆ ರಜೆಗೆ ಊರಿಗೆ ಹೋದಾಗ, ಮದುವೆ ಮುಂಜಿಗಳ ಓಡಾಟದ ನಡುವೆ ಅಲ್ಲಿಗೂ ಒಂದು ದಿನ ಇಟ್ಟುಕೊಳ್ಳಿ. ದೂರದಲ್ಲಿರುವವರಿಗೆ ವಿಡಿಯೋ ಮೂಲಕ ಚಿಕಿತ್ಸೆ ಕೊಡುವ ಪದ್ಧತಿಯೂ ಅಲ್ಲಿದೆ. ದೋಹಾದಲ್ಲಿ ಮಧ್ಯಾಹ್ನ 12 ಗಂಟೆಯಾದಾಗ ಅಲ್ಲಿ 2.30, ಸಮಯ ಕೇಳುವಾಗ ಮಕ್ಕಳ ಶಾಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೋಗುವ ಮುನ್ನ ಒಂದು ಕೆಲಸ ಮಾಡಿ. ಬಳೆ, ಬಾಳೆ, ಹಲ್ಲಿ, ಹಳ್ಳಿ, ಇಂಥ ಹತ್ತು ಪದಗಳನ್ನು ಮಗುವಿನ ಬಾಯಲ್ಲಿ ಹೇಳಿಸಿ, ತಿಂಗಳಿಗೊಮ್ಮೆ ಫೋನಿನಲ್ಲಿ ಧ್ವನಿಮುದ್ರಿಸಿ, ದಿನಾಂಕ ಬರೆದಿಡಿ. ಚಿಕಿತ್ಸಕರು ಮೊದಲು ಅದನ್ನೇ ಕೇಳಲಿ.