ಮನೆಯ ಕಂಪ್ಯೂಟರ್ ಮತ್ತು ಇಂಟರ್‌ನೆಟ್ : ಸಂಘದಿಂದ ಕಲಿಯಬೇಕಾದ ಎಚ್ಚರ

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ವಿಷಯ ನೀವೇ ಮಾತಾಡಿ ಅಂತ ಆಡಳಿತ ಮಂಡಳಿಯವರು ಹೇಳಿದಾಗ ನನಗೇ ನಗು ಬಂತು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ನನ್ನ ಕೈಗೆ ನೇಗಿಲು, ಗುದ್ದಲಿ ಗೊತ್ತೇ ಹೊರತು ಕೀಬೋರ್ಡ್ ಗೊತ್ತಾದದ್ದು ಮಗ ಕಾಲೇಜಿಗೆ ಸೇರಿ ಮನೆಗೆ ಕಂಪ್ಯೂಟರ್ ಬಂದ ಮೇಲೆ. ಆದ್ದರಿಂದ ನಾನು ಹೇಳುವುದು ತಿಳಿದವನ ಪಾಠವಲ್ಲ, ಪೆಟ್ಟು ತಿಂದವನ ಮಾತು ಅಂತ ತಿಳಿಯಬೇಕು.

ಹಿಂದೆ ಒಂದು ಪಹಣಿಗೆ ತಾಲ್ಲೂಕು ಕಚೇರಿ ಮುಂದೆ ದಿನಗಟ್ಟಲೆ ಕೂತವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಈಗ ಪಹಣಿ ಮನೆಯಲ್ಲೇ ಕೂತು ನೋಡಬಹುದು. ಮಕ್ಕಳ ಪರೀಕ್ಷೆಯ ಫಲಿತಾಂಶ, ಬೆಳೆ ವಿಮೆ, ಕರೆಂಟ್ ಬಿಲ್ಲು ಎಲ್ಲವೂ ಅದರಲ್ಲೇ. ನಮ್ಮಂಥ ಸಂಘಗಳಿಗೂ ಅದು ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಗಣಕೀಕರಣ ಮಾಡುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಬೇಡ ಅಂದರೂ ಬಿಡುವ ಹಾಗಿಲ್ಲ. ಇನ್ನು ನಮ್ಮ ಕೈಯಲ್ಲಿರುವ ಫೋನು ಇದೆಯಲ್ಲ, ಅದೂ ಒಂದು ಕಂಪ್ಯೂಟರೇ.

ಈ ಸಂಘ 25 ವರ್ಷ ನಿಂತದ್ದು ಹೇಗೆ? ಗೋದಾಮಿನಲ್ಲಿ ಗೊಬ್ಬರದ ಮೂಟೆ ನೆಲಕ್ಕೆ ತಾಗದಂತೆ ಹಲಗೆ ಹಾಕಿದ್ದೇವೆ. ಕೊಟ್ಟ ಪ್ರತಿ ರಸೀದಿಗೂ ನಕಲು ಇಟ್ಟಿದ್ದೇವೆ. ತಿಜೋರಿಗೆ ಎರಡು ಕೀ. ಒಂದು ಕಾರ್ಯದರ್ಶಿಗಳ ಹತ್ತಿರ, ಇನ್ನೊಂದು ಬೇರೆಯವರ ಹತ್ತಿರ. ತಪ್ಪು ಕಂಡರೆ ಮುಚ್ಚಿಡದೆ ಸಭೆಗೆ ತಂದಿದ್ದೇವೆ. ಈ ನಾಲ್ಕೇ ಪದ್ಧತಿ ಮನೆಯ ಕಂಪ್ಯೂಟರಿಗೂ ಸಾಕು. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಕರೆಂಟು. ನಮ್ಮ ಊರಿನ ವೋಲ್ಟೇಜು ನಿಮಗೆಲ್ಲ ಗೊತ್ತೇ ಇದೆ. ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಹಾಕುವ ನಾವು ಕಂಪ್ಯೂಟರನ್ನು ಮಾತ್ರ ಸೀದಾ ಗೋಡೆಗೆ ಸಿಕ್ಕಿಸುತ್ತೇವೆ. ಒಂದು ಯು.ಪಿ.ಎಸ್. ಇಡಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನದು ಜೋಡಿಸಬೇಡಿ, ಅರ್ತಿಂಗ್ ತಪ್ಪಿಹೋಗುತ್ತದೆ. ಇದ್ದಿಲು ಉಪ್ಪು ಹಾಕಿದ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದೊಂದು ಬಿಂದಿಗೆ ನೀರು ಹಾಕಿ. ಗುಡುಗು ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಕಿತ್ತು ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್‌ನೆಟ್ ಪೆಟ್ಟಿಗೆಯ ಪ್ಲಗ್ಗೂ ಕೀಳಬೇಕು, ಅದರಿಂದ ಕಂಪ್ಯೂಟರಿಗೆ ಬರುವ ತಂತಿಯನ್ನೂ ಬಿಚ್ಚಬೇಕು. ಸಿಡಿಲಿಗೆ ಯು.ಪಿ.ಎಸ್. ಯಾವ ಲೆಕ್ಕವೂ ಅಲ್ಲ.

ಎರಡನೆಯದು ನಕಲು. ನಮ್ಮ ಮನೆಯ ಕಂಪ್ಯೂಟರ್ ಒಂದು ಮುಂಗಾರಿನಲ್ಲಿ ಸಿಡಿಲಿಗೆ ಹೋಯಿತು. ಯಂತ್ರ ಹೋದರೆ ಹೋಗಲಿ, ಇನ್ನೊಂದು ತರಬಹುದು. ಅದರೊಳಗೆ ನಮ್ಮ ತಾಯಿಯ ಕೊನೇ ದಿನಗಳ ಫೋಟೋ ಇತ್ತು. ಅದು ಎಷ್ಟು ದುಡ್ಡು ಕೊಟ್ಟರೂ ಬರಲಿಲ್ಲ. ಆದ್ದರಿಂದ ಮುಖ್ಯವಾದ ಕಾಗದ ಪತ್ರ, ಫೋಟೋಗಳಿಗೆ ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಮಗಳ ಮನೆಯಲ್ಲೋ ಇಂಟರ್‌ನೆಟ್ ಖಾತೆಯಲ್ಲೋ. ನಕಲು ಮಾಡಿದ ಮೇಲೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲು ಬಂದರೂ ವೈರಸ್ ಬಂದರೂ ಎರಡೂ ಒಟ್ಟಿಗೇ ಹೋಗುತ್ತವೆ. ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಬಿತ್ತನೆ ಬೀಜ ಡಬ್ಬಿಯಲ್ಲಿದೆ ಅಂತ ನಂಬಿ ಕೂತರೆ ಆಗುತ್ತದೆಯೇ, ಮೊಳಕೆ ಬರುತ್ತದೋ ಇಲ್ಲವೋ ನೋಡಬೇಡವೇ?

ಮೂರನೆಯದು ಬೀಗ. ಪಾಸ್‌ವರ್ಡ್ ಅಂದರೆ ಬೀಗದ ಕೀ. ಮನೆ, ಕೊಟ್ಟಿಗೆ, ಪಂಪ್‌ಹೌಸು ಎಲ್ಲಕ್ಕೂ ಒಂದೇ ಕೀ ಇಟ್ಟರೆ ಕಳ್ಳನಿಗೆ ಒಂದು ಸಿಕ್ಕಿದರೆ ಸಾಕು. ಬ್ಯಾಂಕಿಗೆ ಬೇರೆ, ಇ-ಮೇಲಿಗೆ ಬೇರೆ ಇರಲಿ. ಹುಟ್ಟಿದ ತಾರೀಕು, ಮಗನ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿದರೆ ಉದ್ದವೂ ಆಗುತ್ತದೆ, ನೆನಪೂ ಇರುತ್ತದೆ. ಮರೆಯುತ್ತದೆ ಅನ್ನುವವರು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ, ಕಂಪ್ಯೂಟರಿನ ಮೇಲೆ ಅಂಟಿಸಬೇಡಿ. ಎರಡು ಹಂತದ ಪರಿಶೀಲನೆ ಅಂತ ಇರುತ್ತದೆ, ಅದನ್ನು ಚಾಲೂ ಮಾಡಿಸಿ. ಅದೇ ನಮ್ಮ ತಿಜೋರಿಯ ಎರಡನೇ ಕೀ. ಕಂಪ್ಯೂಟರ್ ಕೇಳುವ ಅಪ್‌ಡೇಟನ್ನು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಕಂಪನಿಯವರು 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದರು. ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುವವರು ತಿಳಿದವರನ್ನು ಕೇಳಿ ಬದಲಾಯಿಸಿಕೊಳ್ಳಿ.

ಬ್ಯಾಂಕಿನ ವೆಬ್‌ಸೈಟ್ ವಿಳಾಸ ಕೊನೆಯಲ್ಲಿ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಇದೆಯೇ ನೋಡಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಯು.ಪಿ.ಐ. ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ. ಹಣ ಬರುವುದಕ್ಕೆ ಪಿನ್ ಒತ್ತಿ ಅಂದರೆ ಅವನು ಕಳ್ಳ. ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಅಂದರೆ ಹೆದರಬೇಡಿ. ಅಂಥದ್ದು ಕಾನೂನಿನಲ್ಲಿಯೇ ಇಲ್ಲ.

ಇನ್ನು ನಾಲ್ಕನೆಯದು. ಇದನ್ನು ಹೇಳುವುದಕ್ಕೇ ನಾನು ಇಲ್ಲಿ ನಿಂತದ್ದು.

2023ರಲ್ಲಿ ಒಂದು ಸಂಜೆ ವಾಟ್ಸ್ಆ್ಯಪ್‌ಗೆ ಒಂದು ಸಂದೇಶ ಬಂತು. 'ನಿಮ್ಮ ಪಿ.ಎಂ. ಕಿಸಾನ್ ಕಂತು ತಡೆಹಿಡಿಯಲಾಗಿದೆ, ಈ ಫೈಲ್ ಹಾಕಿಕೊಂಡು ಕೆ.ವೈ.ಸಿ. ಮಾಡಿ' ಅಂತ. ಕಳಿಸಿದವರು ಪರಿಚಯದವರೇ. ಒತ್ತಿದೆ. ಮೆಸೇಜು ಓದಲು ಅನುಮತಿ ಕೊಡುವಿರಾ ಅಂತ ಅದು ಕೇಳಿತು. ಕೊಟ್ಟೆ. ಅಲ್ಲಿಗೆ ಬ್ಯಾಂಕಿನಿಂದ ನನಗೆ ಬರುವ ಒ.ಟಿ.ಪಿ.ಯನ್ನೆಲ್ಲ ಅವನೇ ಓದಿದ. ಬೆಳಗಾಗುವಷ್ಟರಲ್ಲಿ ಶುಂಠಿ ಮಾರಿ ಇಟ್ಟಿದ್ದ 28 ಸಾವಿರ ಹೋಗಿತ್ತು.

ನಾನು ಏನು ಮಾಡಿದೆ? ಸುಮ್ಮನಿದ್ದೆ. ಸಂಘದ ನಿರ್ದೇಶಕ, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು, ಮೋಸ ಹೋದ ಅಂದರೆ ಮರ್ಯಾದೆ ಏನಾಗಬೇಕು? ಹೆಂಡತಿಗೂ ಹೇಳಲಿಲ್ಲ. ಮೂರನೇ ದಿನ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ದಾರಿಯಲ್ಲಿ ಸಿಕ್ಕಿ, "ನೀನು ಕಳಿಸಿದ್ದೀಯಲ್ಲ ಅಂತ ಒತ್ತಿದೆ ಕಣಪ್ಪಾ, ಒಂಬತ್ತು ಸಾವಿರ ಹೋಯಿತು" ಅಂದರು. ನಾನು ಕಳಿಸಿರಲಿಲ್ಲ. ನನ್ನ ಫೋನಿನೊಳಗೆ ಕೂತಿದ್ದ ಆ ಕಳ್ಳ ಆ್ಯಪೇ ನನ್ನ ಹೆಸರಿನಲ್ಲಿ ಕಳಿಸಿತ್ತು. ನಾನು ಮೊದಲ ದಿನವೇ ಬಾಯಿ ಬಿಟ್ಟಿದ್ದರೆ ಅವರ ಹಣ ಉಳಿಯುತ್ತಿತ್ತು. ನಾನು ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. "ಊರಿಗೆಲ್ಲ ಹೇಳು, ಅಷ್ಟು ಸಾಕು" ಅಂದರು. ಅವರು ಈ ಸಭೆಯಲ್ಲೇ ಇದ್ದಾರೆ. ಅಯ್ಯಾ, ಇವತ್ತು ಹೇಳುತ್ತಿದ್ದೇನೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರೆ. ಆದರೆ ಇದರಲ್ಲಿ ಬೇಗ ಹಾಕಿದರೆ ಸ್ವಲ್ಪವಾದರೂ ಉಳಿಯುವ ಸಂಭವ ಇದೆ. ಹಣ ಹೋಯಿತು ಅಂತ ಗೊತ್ತಾದ ಕೂಡಲೇ ಫೋನಿನ ಇಂಟರ್‌ನೆಟ್ ಬಂದ್ ಮಾಡಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ. ಅದು ಸರ್ಕಾರದ ಸೈಬರ್ ಸಹಾಯವಾಣಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗಿರದಿದ್ದರೆ ಅಲ್ಲೇ ತಡೆಯಲು ಅವರಿಗೆ ದಾರಿ ಇದೆ. ಗಂಟೆ ಕಳೆದಷ್ಟೂ ಕಷ್ಟ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಆ ಸಂದೇಶದ ಚಿತ್ರ ತೆಗೆದಿಟ್ಟು, ಆಮೇಲೆ ಫೋನನ್ನು ತಿಳಿದವರಿಂದ ಪೂರ್ತಿ ಶುದ್ಧ ಮಾಡಿಸಿ. ಎಲ್ಲಕ್ಕಿಂತ ಮೊದಲು, ಅಕ್ಕಪಕ್ಕದವರಿಗೆ ಹೇಳಿ.

ಒಬ್ಬರ ಕಷ್ಟ ಎಲ್ಲರದೂ ಅನ್ನುವುದಕ್ಕೇ ಸಹಕಾರ ಅಂತ ಹೆಸರು. ಮೋಸ ಹೋದವನದು ತಪ್ಪಿರಬಹುದು, ಆದರೆ ನಾಚಿಕೆಪಡಬೇಕಾದವನು ಮೋಸ ಮಾಡಿದವನು. ನಿಮ್ಮಲ್ಲಿ ಯಾರಿಗೇ ಹೀಗಾದರೂ ರಾತ್ರಿ ಹನ್ನೆರಡಾದರೂ ಸರಿ, ನಮ್ಮ ಮನೆ ಬಾಗಿಲು ತಟ್ಟಿ. ನಾನು ನಗುವುದಿಲ್ಲ. ನಗುವ ಹಕ್ಕೂ ನನಗಿಲ್ಲ.



ಜೈ ಸಹಕಾರ.